ಡಿವಿಷನ್ ಅಂದ್ರೆ ಯಾವ ಡಿವಿಷನ್?

ಶಿವಮೊಗ್ಗ ಜಿಲ್ಲೆಯ ಸಾಗರವನ್ನೇ ತೆಗೆದುಕೊಳ್ಳಿ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅದೊಂದು ಸಬ್‌ಡಿವಿಷನ್. ಎ.ಸಿ., ಅಂದರೆ ಅಸಿಸ್ಟೆಂಟ್ ಕಮಿಷನರ್ ಆಫೀಸು ಅಲ್ಲೇ ಇದೆ. ಅರಣ್ಯ ಇಲಾಖೆಯವರನ್ನು ಕೇಳಿದರೆ ಸಾಗರ ಸಬ್ ಅಲ್ಲ, ಪೂರ್ತಿ ಡಿವಿಷನ್. ಪೊಲೀಸರಿಗೆ ಮತ್ತೆ ಸಬ್‌ಡಿವಿಷನ್. ಕೆಎಸ್‌ಆರ್‌ಟಿಸಿಗೆ ಎರಡೂ ಅಲ್ಲ. ಅವರ ಡಿವಿಷನ್ ಇರುವುದು ಶಿವಮೊಗ್ಗದಲ್ಲಿ, ಸಾಗರ ಒಂದು ಡಿಪೊ. ಊರಿನ ರೈಲ್ವೆ ಸ್ಟೇಷನ್ ಸಾಗರ ಜಂಬಗಾರು ಸೇರಿರುವುದು ಮೈಸೂರು ಡಿವಿಷನ್‌ಗೆ. ಆದರೆ ಕಂದಾಯದ ಏಣಿಯಲ್ಲಿ ಮೇಲೆ ಹತ್ತುತ್ತಾ ಹೋದರೆ ಇಡೀ ಶಿವಮೊಗ್ಗ ಜಿಲ್ಲೆ ಬೆಂಗಳೂರು ಡಿವಿಷನ್‌ನಲ್ಲಿದೆ.

ಇದಿಷ್ಟು ಬರೀ ಆಫೀಸುಗಳ ಡಿವಿಷನ್. ಹೈಕೋರ್ಟಿನ ಡಿವಿಷನ್ ಬೆಂಚ್, ಎಫ್‌ಡಿಎ ಪರೀಕ್ಷೆಯ ಡಿವಿಷನ್, ಸೇನೆಯ ಡಿವಿಷನ್, ಫುಟ್‌ಬಾಲ್ ಲೀಗಿನ ಡಿವಿಷನ್, ಲೋಕಸಭೆಯಲ್ಲಿ ಎದ್ದು ನಿಂತು ಕೇಳುವ ಡಿವಿಷನ್ ಇನ್ನೂ ಬಾಕಿ ಇವೆ. ಒಂದೇ ದಿನದ ಪೇಪರಿನಲ್ಲಿ ಇವುಗಳಲ್ಲಿ ಮೂರು ನಾಲ್ಕು ಸಿಕ್ಕರೂ ಸಿಗಬಹುದು. ನನಗೆ ಅನ್ನಿಸುವ ಪ್ರಕಾರ ಗೊಂದಲ ಹುಟ್ಟುವುದು ಒಂದೇ ಕಾರಣಕ್ಕೆ. ಭಾಗವಾಗಿದ್ದು ಏನು ಅಂತ ನಾವು ಕೇಳುವುದಿಲ್ಲ. ನೆಲವೋ, ಕೆಲಸವೋ, ಜನರೋ, ದರ್ಜೆಯೋ? ಅದೊಂದು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಲೆಕ್ಕದ ಭಾಗಾಕಾರದಿಂದಲೇ ಶುರು ಮಾಡೋಣ. ಅಲ್ಲೂ ಎರಡು ಬಗೆ ಇದೆ, ಶಾಲೆಯಲ್ಲಿ ಅದನ್ನು ಬಿಡಿಸಿ ಹೇಳುವುದು ಕಡಿಮೆ. 12 ರವೆ ಉಂಡೆ ಇದೆ, 3 ಮಕ್ಕಳಿಗೆ ಹಂಚಬೇಕು. ತಲಾ 4. ಈಗ ಅದೇ 12 ಉಂಡೆಯನ್ನು ಡಬ್ಬಕ್ಕೆ 3ರಂತೆ ತುಂಬಬೇಕು. 4 ಡಬ್ಬ ಬೇಕು. ಎರಡಕ್ಕೂ ಉತ್ತರ 4, ಆದರೆ ಪ್ರಶ್ನೆ ಬೇರೆ. ಮೊದಲನೆಯದರಲ್ಲಿ ಎಷ್ಟು ಪಾಲು ಅನ್ನುವುದು ಗೊತ್ತಿತ್ತು, ಪಾಲಿನ ಗಾತ್ರ ಗೊತ್ತಿರಲಿಲ್ಲ. ಎರಡನೆಯದರಲ್ಲಿ ಗಾತ್ರ ಗೊತ್ತಿತ್ತು, ಎಷ್ಟು ಪಾಲು ಅನ್ನುವುದು ಗೊತ್ತಿರಲಿಲ್ಲ. ಸೊನ್ನೆಯಿಂದ ಭಾಗಿಸಬಾರದು ಅಂತ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದಕ್ಕೆ ಕಾರಣ ಎರಡನೇ ಬಗೆಯಲ್ಲಿ ಸಲೀಸಾಗಿ ಕಾಣುತ್ತದೆ. ಡಬ್ಬಕ್ಕೆ ಸೊನ್ನೆ ಉಂಡೆಯಂತೆ ಹಾಕಿದರೆ 12 ಉಂಡೆ ಖಾಲಿ ಆಗಲು ಎಷ್ಟು ಡಬ್ಬ ಬೇಕು? ಎಷ್ಟು ತಂದರೂ ಒಂದು ಉಂಡೆಯೂ ಕದಲುವುದಿಲ್ಲ.

ಈ ಎರಡು ಬಗೆ ಬರೀ ಲೆಕ್ಕದ ಪುಸ್ತಕದಲ್ಲಿ ಉಳಿದಿಲ್ಲ. ಕರ್ನಾಟಕದ ಕಂದಾಯ ಡಿವಿಷನ್ ಮೊದಲನೇ ಬಗೆ. ಪಾಲು ನಾಲ್ಕು ಅಂತ ನಿಗದಿಯಾಗಿದೆ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. 1956ರಲ್ಲಿ ರಾಜ್ಯ ಒಂದಾದಾಗ ಜಿಲ್ಲೆ 19 ಇದ್ದವು. 2021ರಲ್ಲಿ ವಿಜಯನಗರ ಸೇರಿ 31 ಆದವು. ಡಿವಿಷನ್ ಮಾತ್ರ ಈಗಲೂ ನಾಲ್ಕೇ. ಹಾಗಾಗಿ ಪಾಲಿನ ಗಾತ್ರ ಏರುತ್ತಾ ಹೋಗಿದೆ. ಇವತ್ತು ಬೆಂಗಳೂರಿಗೆ 9 ಜಿಲ್ಲೆ, ಮೈಸೂರಿಗೆ 8, ಬೆಳಗಾವಿಗೆ 7, ಕಲಬುರಗಿಗೆ 7. ಹೈಕೋರ್ಟಿನ ಡಿವಿಷನ್ ಬೆಂಚ್ ಎರಡನೇ ಬಗೆ. ಅಲ್ಲಿ ಗಾತ್ರ ನಿಗದಿ, ಇಬ್ಬರು ನ್ಯಾಯಮೂರ್ತಿಗಳು. ಅಂಥ ಪೀಠ ಎಷ್ಟು ಕೂರುತ್ತವೆ ಅನ್ನುವುದು ಆಯಾ ಸಮಯಕ್ಕೆ ಬಿಟ್ಟದ್ದು.

ಯಾರ ಕೈಕೆಳಗೆ ಯಾರು?

ಕಂದಾಯದ ಡಿವಿಷನ್ ಹೊಸದೇನಲ್ಲ. ಕಂಪನಿ ಸರ್ಕಾರ 1829ರಲ್ಲಿ ಬಂಗಾಳದ ಕಡೆ ಹಲವು ಜಿಲ್ಲೆಗಳ ಮೇಲೆ ಒಬ್ಬೊಬ್ಬ ಕಮಿಷನರನನ್ನು ಕೂರಿಸಿತು. ಆಮೇಲೆ ಆ ಏರ್ಪಾಡು ಬೇರೆ ಕಡೆಗೂ ಹರಡಿತು. ನಮ್ಮ ಮೈಸೂರು ಸೀಮೆಯಲ್ಲಿ ಕಮಿಷನರ್ ಕಬ್ಬನ್ ಕಾಲದಲ್ಲಿ ನಾಲ್ಕು ಫೌಜುದಾರಿಗಳು, ಅಂದರೆ ಆಡಳಿತದ ಭಾಗಗಳು, ಇದ್ದವು. 1862-63ರಲ್ಲಿ, ಆಮೇಲೆ ಬಂದ ಕಮಿಷನರ್ ಬೌರಿಂಗ್ ಅವನ್ನು ತೆಗೆದು ಮೂರು ಡಿವಿಷನ್ ಮಾಡಿದ: ನಂದಿದುರ್ಗ, ಅಷ್ಟಗ್ರಾಮ, ನಗರ. ಒಟ್ಟು ಎಂಟು ಜಿಲ್ಲೆ. ಬೆಂಗಳೂರು, ಕೋಲಾರ, ತುಮಕೂರು ನಂದಿದುರ್ಗಕ್ಕೆ. ಮೈಸೂರು, ಹಾಸನ ಅಷ್ಟಗ್ರಾಮಕ್ಕೆ. ಶಿವಮೊಗ್ಗ, ಕಡೂರು, ಚಿತ್ರದುರ್ಗ ನಗರಕ್ಕೆ. ಆಗ ಮಲೆನಾಡಿನ ಶಿವಮೊಗ್ಗಕ್ಕೆ ತನ್ನದೇ ಡಿವಿಷನ್ ಇತ್ತು. ಈಗ ಅದು ಬೆಂಗಳೂರಿನ ಬಾಲ.

ಜಿಲ್ಲಾಧಿಕಾರಿಗಳನ್ನು ನಾವು ಡಿ.ಸಿ. ಅನ್ನುತ್ತೇವೆ. ಡೆಪ್ಯುಟಿ ಕಮಿಷನರ್. ಜಿಲ್ಲೆಗೇ ದೊಡ್ಡವರಾದವರು ಇನ್ಯಾರಿಗೆ ಡೆಪ್ಯುಟಿ? ಉತ್ತರ ಈ ಏಣಿಯಲ್ಲೇ ಇದೆ. ಮೇಲೆ ಡಿವಿಷನ್‌ಗೆ ಕಮಿಷನರ್, ಅವರ ಕೆಳಗೆ ಜಿಲ್ಲೆಗೆ ಡೆಪ್ಯುಟಿ ಕಮಿಷನರ್, ಅವರ ಕೆಳಗೆ ಸಬ್‌ಡಿವಿಷನ್‌ಗೆ ಅಸಿಸ್ಟೆಂಟ್ ಕಮಿಷನರ್. ಡಿವಿಷನಲ್ ಕಮಿಷನರನ್ನು ಈಗ ಪ್ರಾದೇಶಿಕ ಆಯುಕ್ತರು ಅಂತ ಕರೆಯುತ್ತಾರೆ. ಜನರಿಗೆ ಅವರ ಮುಖಪರಿಚಯ ಕಡಿಮೆ, ಡಿ.ಸಿ.ಯ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ ಸಬ್‌ಡಿವಿಷನ್ ಅಂದಾಕ್ಷಣ ಡಿವಿಷನ್‌ಗೆ ನೇರ ಕೆಳಗಿನದು ಅಂದುಕೊಳ್ಳುವ ಹಾಗಿಲ್ಲ. ನಡುವೆ ಇಡೀ ಜಿಲ್ಲೆಯೇ ಕೂತಿದೆ. ಇದು ಇಂಗ್ಲಿಷರ ಕಾಲದ ಹೆಸರಿಡುವ ಗಡಿಬಿಡಿ. ನಾವು ಹಾಗೇ ಉಳಿಸಿಕೊಂಡೆವು.

ಬಸ್ಸಿನವರ ಹತ್ತಿರ ಹೋಗಿ ಡಿ.ಸಿ. ಅಂದರೆ ಬೇರೆಯೇ ಮನುಷ್ಯ. ಅವರು ಡಿವಿಷನಲ್ ಕಂಟ್ರೋಲರ್, ಅಂದರೆ ವಿಭಾಗೀಯ ನಿಯಂತ್ರಣಾಧಿಕಾರಿ. ಒಂದು ಡಿವಿಷನ್ನಿನ ಎಲ್ಲ ಡಿಪೊಗಳೂ ಅವರ ಕೈಕೆಳಗೆ. 'ನಮ್ಮೂರಿಗೆ ಬಸ್ ಬಿಡಿ ಅಂತ ಡಿ.ಸಿ.ಗೆ ಅರ್ಜಿ ಕೊಟ್ವಿ' ಅಂತ ಯಾರಾದರೂ ಹೇಳಿದರೆ ಯಾವ ಡಿ.ಸಿ. ಅಂತ ಕೇಳುವುದು ತಪ್ಪಲ್ಲ.

ಹೆಚ್ಚು ತಮಾಷೆ ಇರುವುದು ವಲಯ ಮತ್ತು ಸರ್ಕಲ್‌ಗಳಲ್ಲಿ. ರೈಲ್ವೆಯಲ್ಲಿ ವಲಯ ದೊಡ್ಡದು. ನೈಋತ್ಯ ರೈಲ್ವೆ ಒಂದು ವಲಯ, ಹುಬ್ಬಳ್ಳಿ ಅದರ ಕೇಂದ್ರ, 2003ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದರ ಒಳಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅಂತ ಮೂರು ಡಿವಿಷನ್. ಅರಣ್ಯ ಇಲಾಖೆಯಲ್ಲಿ ಇದು ತಲೆಕೆಳಗು. ಅಲ್ಲಿ ಡಿವಿಷನ್ ದೊಡ್ಡದು, ಅದರ ಒಳಗೆ ಸಬ್‌ಡಿವಿಷನ್, ಅದರ ಒಳಗೆ ವಲಯ. ವಲಯ ಅರಣ್ಯಾಧಿಕಾರಿ ಅಂದರೆ ಆರ್‌ಎಫ್‌ಒ, ರೇಂಜರ್ ಸಾಹೇಬರು. ರೈಲಿನ ಝೋನೂ ವಲಯ, ಕಾಡಿನ ರೇಂಜೂ ವಲಯ.

ಸರ್ಕಲ್‌ನದ್ದೂ ಅದೇ ಕಥೆ. ಲೋಕೋಪಯೋಗಿ ಇಲಾಖೆಯಲ್ಲಿ ಸರ್ಕಲ್ ಮೇಲೆ, ಡಿವಿಷನ್ ಕೆಳಗೆ. ಸರ್ಕಲ್‌ಗೆ ಸೂಪರಿಂಟೆಂಡಿಂಗ್ ಎಂಜಿನಿಯರ್, ಡಿವಿಷನ್‌ಗೆ ಕಾರ್ಯಪಾಲಕ ಎಂಜಿನಿಯರ್ (ಇಇ), ಸಬ್‌ಡಿವಿಷನ್‌ಗೆ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್), ಸೆಕ್ಷನ್‌ಗೆ ಎಇ (ಸಹಾಯಕ ಎಂಜಿನಿಯರ್) ಅಥವಾ ಜೆಇ (ಕಿರಿಯ ಎಂಜಿನಿಯರ್). ಪೊಲೀಸರಲ್ಲಿ ಸರ್ಕಲ್ ಅನ್ನುವುದು ಸಬ್‌ಡಿವಿಷನ್‌ಗಿಂತಲೂ ಕೆಳಗೆ. ಡಿವೈಎಸ್ಪಿ ಕೆಳಗೆ ಸರ್ಕಲ್ ಇನ್‌ಸ್ಪೆಕ್ಟರ್, ಅವರ ಕೆಳಗೆ ಠಾಣೆಯ ಪಿಎಸ್‌ಐ. ಅಂಚೆಯವರ ಸರ್ಕಲ್ ಅಂತೂ ಇಡೀ ರಾಜ್ಯ. ಕರ್ನಾಟಕ ಅಂಚೆ ವೃತ್ತ ಅಂದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಸೇರಿ. ಅಂದಮೇಲೆ ಹೆಸರು ನೋಡಿ ಗಾತ್ರ ಊಹಿಸಬೇಡಿ. ಆಯಾ ಇಲಾಖೆಯ ಏಣಿ ಗೊತ್ತಿದ್ದರೆ ಮಾತ್ರ ಆ ಪದಕ್ಕೆ ಅರ್ಥ.

ಇದು ಬರೀ ತಿಳಿದುಕೊಂಡಿರಲಿ ಅನ್ನುವ ವಿಷಯವಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಡಿವಿಷನ್ ಆಫೀಸಿಗೆ ಹೋಗಿ ಕೂತರೆ 'ಸೆಕ್ಷನ್ ಆಫೀಸಿಗೆ ಹೋಗಿ' ಅಂತ ವಾಪಸ್ ಕಳಿಸುತ್ತಾರೆ. ಕರೆಂಟ್ ಬಿಲ್ಲಿನ ತಲೆಯ ಮೇಲೆ ಸಬ್‌ಡಿವಿಷನ್ ಹೆಸರು ಅಚ್ಚಾಗಿರುತ್ತದೆ. ನಮ್ಮ ದೂರು ಎಲ್ಲಿಂದ ಶುರುವಾಗಿ ಯಾರ ಹತ್ತಿರ ಹೋಗಬೇಕು ಅನ್ನುವುದಕ್ಕೆ ಅದೇ ಸುಳಿವು. ಸೆಕ್ಷನ್‌ನಲ್ಲಿ ಕೆಲಸ ಆಗದಿದ್ದರೆ ಸಬ್‌ಡಿವಿಷನ್ನಿನ ಎಇಇ, ಅಲ್ಲೂ ಆಗದಿದ್ದರೆ ಡಿವಿಷನ್ನಿನ ಇಇ.

ರೈಲ್ವೆ ಡಿವಿಷನ್ ಬಗ್ಗೆ ಇನ್ನೊಂದು ಮಾತು. ರೈಲಿನ ಗಡಿ ಹಳಿಯ ಮೇಲೆ ಇರುತ್ತದೆ, ರಾಜ್ಯದ ನಕ್ಷೆಯ ಮೇಲಲ್ಲ. ಮಂಗಳೂರು ಸೆಂಟ್ರಲ್ ಸ್ಟೇಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ಡಿವಿಷನ್‌ಗೆ ಸೇರಿದೆ. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ಡಿವಿಷನ್‌ಗೆ. ಬೀದರ್ ಸಿಕಂದರಾಬಾದ್ ಡಿವಿಷನ್‌ಗೆ. ಕಾರವಾರದ ಹಳಿ ಕೊಂಕಣ ರೈಲ್ವೆಯದ್ದು. ಅದು ಬೇರೆಯೇ ನಿಗಮ. ಮಂಗಳೂರಿನವರಿಗೆ ಪ್ಲಾಟ್‌ಫಾರ್ಮ್ ಬೇಕು, ಹೊಸ ರೈಲು ಬೇಕು ಅಂದರೆ ಫೈಲು ಓಡಾಡುವುದು ಪಾಲಕ್ಕಾಡ್‌ಗೆ, ಚೆನ್ನೈಗೆ. ಮಂಗಳೂರಿಗೆ ಪ್ರತ್ಯೇಕ ಡಿವಿಷನ್ ಕೊಡಿ, ಇಲ್ಲವೇ ಮೈಸೂರು ಡಿವಿಷನ್‌ಗೆ ಸೇರಿಸಿ ಅನ್ನುವ ಕೂಗು, ಕಲಬುರಗಿಗೆ ತನ್ನದೇ ಡಿವಿಷನ್ ಬೇಕು ಅನ್ನುವ ಬೇಡಿಕೆ ಇಷ್ಟು ವರ್ಷ ಜೀವಂತ ಇರುವುದು ಇದಕ್ಕೇ. ಡಿವಿಷನ್ ಎಲ್ಲಿದೆಯೋ ಅದರ ಮುಖ್ಯಸ್ಥರಾದ ಡಿಆರ್‌ಎಂ ಅಲ್ಲಿರುತ್ತಾರೆ. ಡಿಆರ್‌ಎಂ ಎಲ್ಲಿರುತ್ತಾರೋ ಆ ಊರಿನ ಮಾತಿಗೆ ಸ್ವಲ್ಪ ಜಾಸ್ತಿ ಬೆಲೆ.

ಜಮೀನಿನ ಮಟ್ಟಕ್ಕೆ ಇಳಿದರೆ ಸಬ್‌ಡಿವಿಷನ್‌ಗೆ ನಮ್ಮಲ್ಲಿ ಹಳೇ ಮಾತೇ ಇದೆ: ಪೋಡಿ. ಅಣ್ಣತಮ್ಮಂದಿರು ವಿಭಾಗ ಪತ್ರ ಮಾಡಿಕೊಂಡು ರಿಜಿಸ್ಟರ್ ಮಾಡಿಸಿದರೆ ಹಕ್ಕು ಭಾಗವಾಯಿತು. ಆದರೆ ಸರ್ವೆಯವರು ಬಂದು ಅಳೆದು, ನಕ್ಷೆ ಮಾಡಿ, 45 ಅನ್ನುವ ಸರ್ವೆ ನಂಬರನ್ನು 45/1, 45/2 ಅಂತ ಒಡೆದಾಗಲೇ ನೆಲ ದಾಖಲೆಯಲ್ಲಿ ಭಾಗವಾಗುವುದು. ಮೊದಲನೆಯದು ಮುಗಿದರೆ ಸಾಕು ಅಂದುಕೊಂಡು ಕೂತ ಮನೆಗಳು ಎಷ್ಟೋ. ಪಹಣಿ ಜಂಟಿಯಾಗಿಯೇ ಉಳಿದು, ಸಾಲಕ್ಕೋ ಮಾರಾಟಕ್ಕೋ ಹೋದಾಗ ಇದು ಎದುರಾಗುತ್ತದೆ.

ದರ್ಜೆಯ ಡಿವಿಷನ್

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ರಾಜ್ಯದ ಎಲ್ಲ ಲೈಬ್ರರಿಗಳಲ್ಲೂ ಸಿಗುತ್ತಾರೆ. ಫಸ್ಟ್ ಡಿವಿಷನ್ ಅಸಿಸ್ಟೆಂಟ್ ಅಂದಾಗ ಈ ಡಿವಿಷನ್ ಯಾವ ಊರಿನದ್ದೂ ಅಲ್ಲ. ಪ್ರಥಮ ದರ್ಜೆ ಸಹಾಯಕ ಅನ್ನುವ ಕನ್ನಡದ ಹೆಸರೇ ಇಲ್ಲಿ ಹೆಚ್ಚು ಸ್ಪಷ್ಟ. ಎಸ್‌ಡಿಎಗೆ ಪಿಯುಸಿ ಸಾಕು, ಎಫ್‌ಡಿಎಗೆ ಡಿಗ್ರಿ ಬೇಕು. ಕೇಂದ್ರ ಸರ್ಕಾರದ ಆಫೀಸುಗಳಲ್ಲಿ ಇದೇ ಏಣಿಗೆ ಎಲ್‌ಡಿಸಿ, ಯುಡಿಸಿ ಅನ್ನುತ್ತಾರೆ: ಲೋವರ್ ಡಿವಿಷನ್, ಅಪ್ಪರ್ ಡಿವಿಷನ್ ಗುಮಾಸ್ತ. ಇದರ ಬೇರು ಬ್ರಿಟನ್ನಿನಲ್ಲಿದೆ. 1870ರ ದಶಕದಲ್ಲಿ ಪ್ಲೇಫೇರ್ ಕಮಿಷನ್ ಅಲ್ಲಿನ ಸರ್ಕಾರಿ ನೌಕರರನ್ನು ಎರಡು ಮಾಡಿ ಅಂದಿತು. ಯೋಚನೆ ಮಾಡಿ ತೀರ್ಮಾನ ಬರೆಯುವವರು ಮೇಲಿನ ಡಿವಿಷನ್, ನಕಲು ಮಾಡಿ ಲೆಕ್ಕ ಇಡುವವರು ಕೆಳಗಿನ ಡಿವಿಷನ್. ಕಂಪ್ಯೂಟರ್ ಬಂದು ನಕಲು ಮಾಡುವ ಕೆಲಸವೇ ಹೋಯಿತು. ಹೆಸರು ಹೋಗಲಿಲ್ಲ.

ತಾಲ್ಲೂಕು ಕೋರ್ಟಿನ ಬೋರ್ಡಿನಲ್ಲಿ ಕಾಣುವ ಸಿವಿಲ್ ಜಡ್ಜ್ ಜೂನಿಯರ್ ಡಿವಿಷನ್, ಸೀನಿಯರ್ ಡಿವಿಷನ್ ಕೂಡ ದರ್ಜೆಯೇ. ಹಿರಿಯರು ಈಗಲೂ ಮುನ್ಸೀಫ್ ಕೋರ್ಟ್ ಅನ್ನುವುದು ಜೂನಿಯರ್ ಡಿವಿಷನ್‌ಗೆ. ಕನ್ನಡದ ಬೋರ್ಡುಗಳಲ್ಲಿ ಒಂದು ಕಡೆ ಕಿರಿಯ ಶ್ರೇಣಿ ಅಂತ ಇದ್ದರೆ ಇನ್ನೊಂದು ಕಡೆ ಕಿರಿಯ ವಿಭಾಗ ಅಂತ ಇರುತ್ತದೆ. ಶ್ರೇಣಿ ಅನ್ನುವುದೇ ಸರಿಯಾಗಿ ಹೊಂದುತ್ತದೆ ಅಂತ ನನ್ನ ವಾದ. ವಿಭಾಗ ಅಂದಾಗ ಜನ ಜಾಗದ ಲೆಕ್ಕಕ್ಕೆ ಹೋಗಿಬಿಡುತ್ತಾರೆ.

ಆಟದಲ್ಲೂ ಹೀಗೇ. ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ಎ ಡಿವಿಷನ್ ತಂಡ ಅಂದರೆ ಅತಿ ಮೇಲಿನದು ಅಂತಲ್ಲ. ಅದರ ಮೇಲೆ ಸೂಪರ್ ಡಿವಿಷನ್ ಇದೆ. ಇಂಗ್ಲೆಂಡಿನವರು ಇನ್ನೂ ಮುಂದೆ ಹೋದರು. 1992ರಲ್ಲಿ ಪ್ರೀಮಿಯರ್ ಲೀಗ್ ಬಂದಾಗ ಎರಡನೇ ಮೆಟ್ಟಿಲಿಗೆ ಫಸ್ಟ್ ಡಿವಿಷನ್ ಅನ್ನುವ ಹೆಸರು ಬಂತು. 2004ರಲ್ಲಿ ಅದನ್ನು ಚಾಂಪಿಯನ್‌ಶಿಪ್ ಅಂತ ಮಾಡಿ, ಮೂರನೇ ಮೆಟ್ಟಿಲನ್ನು ಲೀಗ್ ಒನ್ ಅಂದರು. ಒಂದು ಅಂತ ಹೆಸರು, ಸ್ಥಾನ ಮೂರು. ಶಾಲೆಯಲ್ಲಿ ನಾವು ಫಸ್ಟ್ ಕ್ಲಾಸ್ ಅನ್ನುವುದನ್ನು ಉತ್ತರದವರು ಫಸ್ಟ್ ಡಿವಿಷನ್ ಅನ್ನುತ್ತಾರೆ. ಮುಂಬೈನ ಶಾಲೆಗಳಲ್ಲಿ ಎಂಟನೇ ಕ್ಲಾಸಿನ 'ಎ ಡಿವಿಷನ್' ಅಂದರೆ ನಮ್ಮ 'ಎ ಸೆಕ್ಷನ್' ಅಷ್ಟೇ. ಮುಂಬೈನಿಂದ ಟಿ.ಸಿ. ತಂದು ಇಲ್ಲಿ ಸೇರಿಸುವಾಗ 'ಡಿವಿಷನ್: ಬಿ' ಅಂತ ಕಂಡರೆ ಮಗು ಕಡಿಮೆ ಅಂಕ ತೆಗೆದಿದೆ ಅಂತ ಗಾಬರಿ ಬೇಡ.

ಡಿವಿಷನ್ ಬೆಂಚ್ ಅಂದರೆ ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾದ ಪೀಠ ಅಲ್ಲ

ಪತ್ರಿಕೆ ಓದುವವರಿಗೆ ಅತಿ ಹೆಚ್ಚು ಗೊಂದಲ ಮಾಡುವುದು ವಿಭಾಗೀಯ ಪೀಠ, ಅಂದರೆ ಡಿವಿಷನ್ ಬೆಂಚ್. ಧಾರವಾಡ ಪೀಠ, ಕಲಬುರಗಿ ಪೀಠ ಅನ್ನುವುದನ್ನು ಕೇಳಿ ಕೇಳಿ, ವಿಭಾಗೀಯ ಪೀಠವೂ ಯಾವುದೋ ವಿಭಾಗದ ಊರಿನಲ್ಲಿ ಇರುವ ಪೀಠ ಅಂತ ಎಷ್ಟೋ ಜನ ನಂಬಿದ್ದಾರೆ. ಅದಲ್ಲ. ಧಾರವಾಡ ಮತ್ತು ಕಲಬುರಗಿಯವು ಊರಿನ ಪೀಠಗಳು. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ವಿಭಾಗೀಯ ಪೀಠ ಅಂದರೆ ಇಬ್ಬರು ನ್ಯಾಯಮೂರ್ತಿಗಳು ಒಟ್ಟಿಗೆ ಕೂತ ಪೀಠ. ಧಾರವಾಡದಲ್ಲೂ ವಿಭಾಗೀಯ ಪೀಠ ಕೂರಬಹುದು, ಬೆಂಗಳೂರಿನಲ್ಲೂ ಕೂರಬಹುದು.

ಹಾಗಾದರೆ ಭಾಗವಾಗಿದ್ದು ಏನು? ನ್ಯಾಯಾಲಯವೇ. ಹೈಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಂದೇ ಕೋಣೆಯಲ್ಲಿ ಕೂತು ಒಂದೇ ಕೇಸು ಕೇಳಿದರೆ ಕೆಲಸ ಸಾಗುವುದಿಲ್ಲ. ಹಾಗಾಗಿ ಕೋರ್ಟು ತನ್ನನ್ನು ತಾನೇ ತುಂಡು ಮಾಡಿಕೊಂಡು ಕೂರುತ್ತದೆ. ಯಾವ ತುಂಡಿಗೆ ಯಾವ ಕೇಸು ಅನ್ನುವುದನ್ನು ಮುಖ್ಯ ನ್ಯಾಯಮೂರ್ತಿಗಳು ಹಂಚುತ್ತಾರೆ. ಪ್ರತಿ ತುಂಡೂ ಮಾತಾಡುವುದು ಇಡೀ ಹೈಕೋರ್ಟಿನ ಹೆಸರಿನಲ್ಲೇ. ಒಬ್ಬರೇ ಕೂತರೆ ಏಕಸದಸ್ಯ ಪೀಠ, ಇಬ್ಬರು ಕೂತರೆ ವಿಭಾಗೀಯ ಪೀಠ, ಮೂವರು ಅಥವಾ ಹೆಚ್ಚು ಜನ ಕೂತರೆ ಪೂರ್ಣ ಪೀಠ. ಪೂರ್ಣ ಅಂದಮಾತ್ರಕ್ಕೆ ಎಲ್ಲರೂ ಕೂರುತ್ತಾರೆ ಅಂತ ಇಲ್ಲ. ರಿಟ್ ಅರ್ಜಿಯಲ್ಲಿ ಏಕಸದಸ್ಯ ಪೀಠ ಕೊಟ್ಟ ತೀರ್ಪು ಒಪ್ಪಿಗೆಯಾಗದಿದ್ದರೆ ಅದೇ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಹಾಕಬಹುದು. 1961ರ ಕರ್ನಾಟಕ ಹೈಕೋರ್ಟ್ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ಸೀದಾ ದೆಹಲಿಗೇ ಓಡಬೇಕಿಲ್ಲ.

ಪೀಠದಲ್ಲಿ ಕೂತ ಇಬ್ಬರಿಗೆ ಅಭಿಪ್ರಾಯ ಬೇರೆಯಾದರೆ ಅದು ಭಿನ್ನ ತೀರ್ಪು. ಹಿಜಾಬ್ ಪ್ರಕರಣ ಸಾಗಿದ ಹಾದಿಯಲ್ಲಿ ಇವೆಲ್ಲ ಒಟ್ಟಿಗೆ ಸಿಗುತ್ತವೆ. 2022ರ ಫೆಬ್ರವರಿಯಲ್ಲಿ ಅದು ಮೊದಲು ಹೋಗಿದ್ದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠದ ಮುಂದೆ. ವಿಷಯ ದೊಡ್ಡದು, ಹೆಚ್ಚು ಜನರ ಪೀಠ ಕೇಳಲಿ ಅಂತ ಅವರು ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿದರು. ಮೂವರ ಪೂರ್ಣ ಪೀಠ ಮಾರ್ಚ್ 15ಕ್ಕೆ ತೀರ್ಪು ಕೊಟ್ಟಿತು. ಅದರ ಮೇಲೆ ಸುಪ್ರೀಂ ಕೋರ್ಟಿಗೆ ಹೋದಾಗ ಕೇಳಿದ್ದು ಇಬ್ಬರ ಪೀಠ. ಅಕ್ಟೋಬರ್ 13ರಂದು ಒಬ್ಬರು ಹೈಕೋರ್ಟ್ ತೀರ್ಪು ಸರಿ ಅಂದರು, ಇನ್ನೊಬ್ಬರು ಅದನ್ನು ರದ್ದು ಮಾಡಬೇಕು ಅಂದರು. ಇಬ್ಬರೂ ಸಮ ಸಮ ಆದ್ದರಿಂದ ದೊಡ್ಡ ಪೀಠ ರಚಿಸಲಿ ಅಂತ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟರು. ಭಿನ್ನ ತೀರ್ಪು ಬಂದಾಗ ಕೆಳಗಿನ ತೀರ್ಪು ಸುಮ್ನೆ ಬಿದ್ದುಹೋಗುವುದಿಲ್ಲ.

ಸೇನೆ, ಕಂಪನಿ, ಕೆಲಸ

ಸೇನೆಯ ಡಿವಿಷನ್ ಹುಟ್ಟಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಮೊದಲು ಇಡೀ ಸೇನೆ ಒಂದೇ ಗುಂಪಾಗಿ ಒಂದೇ ದಾರಿಯಲ್ಲಿ ಸಾಗಬೇಕಿತ್ತು. ಅದನ್ನು ತುಂಡು ಮಾಡಿ, ಪ್ರತಿ ತುಂಡಿಗೂ ತನ್ನದೇ ಕಾಲಾಳು, ತನ್ನದೇ ಫಿರಂಗಿ ಕೊಟ್ಟರು. ಬೇರೆ ಬೇರೆ ದಾರಿಯಲ್ಲಿ ನಡೆದು ಯುದ್ಧದ ದಿನ ಒಂದೆಡೆ ಸೇರುವುದು ಇದರಿಂದ ಸಾಧ್ಯವಾಯಿತು. ಇವತ್ತಿಗೂ ಡಿವಿಷನ್ ಅಂದರೆ ತನ್ನ ಪಾಡಿಗೆ ತಾನು ಕಾದಬಲ್ಲ ದೊಡ್ಡ ತುಕಡಿ. 10,000ಕ್ಕೂ ಹೆಚ್ಚು ಸೈನಿಕರು, ಮೇಲೆ ಒಬ್ಬ ಮೇಜರ್ ಜನರಲ್. ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಮುನ್ನಡೆಸಿದ್ದು ಇಂಥದ್ದೇ ಒಂದು, 19ನೇ ಇನ್‌ಫೆಂಟ್ರಿ ಡಿವಿಷನ್. ಆ ವರ್ಷ ನವೆಂಬರ್ 1ರಂದು ಝೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿ ಎದುರಾಳಿಗಳನ್ನು ಓಡಿಸಿದ ಕಾರ್ಯಾಚರಣೆ ಅವರ ಡಿವಿಷನ್ನಿನದ್ದು. 11,000 ಅಡಿಗೂ ಮೇಲೆ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ.

ಕಂಪನಿಯ ಡಿವಿಷನ್ ಹಾಗಲ್ಲ. ಎಚ್‌ಎಎಲ್‌ನ ಹೆಲಿಕಾಪ್ಟರ್ ಡಿವಿಷನ್‌ಗೆ ಗೇಟು, ಬೋರ್ಡು, ಕ್ಯಾಂಟೀನು ಎಲ್ಲ ಬೇರೆ ಇರಬಹುದು, ಕಾನೂನಿನ ಕಣ್ಣಿಗೆ ಅದು ಬೇರೆ ಅಲ್ಲ. ಅದರ ಸಾಲ ಎಚ್‌ಎಎಲ್‌ನ ಸಾಲ. ಅಂಗಸಂಸ್ಥೆ ಮಾಡಿದಾಗ ಮಾತ್ರ ಕಾನೂನಿನ ಪ್ರಕಾರ ಇನ್ನೊಬ್ಬ ವ್ಯಕ್ತಿ ಹುಟ್ಟಿದ ಹಾಗೆ. ಎಚ್‌ಎಂಟಿಯ ಗಡಿಯಾರದ ಕೆಲಸ ದಶಕಗಳ ಕಾಲ ಮೂಲ ಕಂಪನಿಯ ಒಳಗೇ ಇತ್ತು. ಆಮೇಲೆ ಎಚ್‌ಎಂಟಿ ವಾಚಸ್ ಅನ್ನುವ ಅಂಗಸಂಸ್ಥೆ ಆಯಿತು. 2016ರಲ್ಲಿ ಕೇಂದ್ರ ಸಂಪುಟ ಆ ಅಂಗಸಂಸ್ಥೆಯನ್ನು ಮುಚ್ಚಲು ಒಪ್ಪಿತು, ಎಚ್‌ಎಂಟಿ ಉಳಿಯಿತು. ನೌಕರಿಗೆ ಸೇರುವವರು ಆಫರ್ ಲೆಟರಿನಲ್ಲಿ ಡಿವಿಷನ್ ಅಂತ ಇದೆಯೋ ಬೇರೆ ಲಿಮಿಟೆಡ್ ಹೆಸರಿದೆಯೋ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಕೆಲಸವನ್ನೇ ಭಾಗ ಮಾಡುವುದು ಶ್ರಮ ವಿಭಜನೆ. 1776ರಲ್ಲಿ ಆಡಂ ಸ್ಮಿತ್ ಕೊಟ್ಟ ಗುಂಡುಸೂಜಿಯ ಲೆಕ್ಕ ಎಲ್ಲ ಅರ್ಥಶಾಸ್ತ್ರ ತರಗತಿಯಲ್ಲೂ ಬರುತ್ತದೆ. ಸೂಜಿ ಮಾಡುವುದನ್ನು ಸುಮಾರು 18 ಬಿಡಿ ಕೆಲಸಗಳಾಗಿ ಒಡೆದು, 10 ಜನ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ. ಒಬ್ಬನೇ ಎಲ್ಲ ಮಾಡಿದರೆ 20ನ್ನೂ ಮುಟ್ಟುವುದು ಕಷ್ಟ. ಜೀವಮಾನವಿಡೀ ಒಂದೇ ಕೈಕೆಲಸ ಮಾಡುವವನ ಬುದ್ಧಿ ಮಂಕಾಗುತ್ತದೆ ಅಂತಲೂ ಸ್ಮಿತ್ ಬರೆದಿದ್ದ. ಅದನ್ನು ಹೇಳುವುದು ಕಡಿಮೆ. ನಮ್ಮಲ್ಲಿ ಜಾತಿಯನ್ನೂ ಶ್ರಮ ವಿಭಜನೆ ಅಂತ ಸಮರ್ಥಿಸುವವರಿದ್ದರು, ಈಗಲೂ ಇದ್ದಾರೆ. 1936ರಲ್ಲಿ ಅಂಥವರಿಗೆ ಅಂಬೇಡ್ಕರ್ ಉತ್ತರ ಕೊಟ್ಟರು: ಜಾತಿ ಬರೀ ಶ್ರಮದ ವಿಭಜನೆಯಲ್ಲ, ಅದು ಶ್ರಮಿಕರ ವಿಭಜನೆ, ಅದೂ ಒಬ್ಬರ ಮೇಲೊಬ್ಬರು ಅಂತ ಮೆಟ್ಟಿಲು ಹಾಕಿದ ವಿಭಜನೆ. ಸೂಜಿ ಕಾರ್ಖಾನೆಯಲ್ಲಿ ತಂತಿ ಎಳೆಯುವವನ ಮಗ ತಂತಿಯನ್ನೇ ಎಳೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಏನು ಭಾಗವಾಯಿತು ಅನ್ನುವ ಪ್ರಶ್ನೆಯನ್ನು ಇದಕ್ಕಿಂತ ಖಾರವಾಗಿ ಕೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸದನದಲ್ಲಿ ಡಿವಿಷನ್ ಕೇಳುವುದು

ಕೊನೆಯದು ಮತ್ತು ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಸದನದ ಡಿವಿಷನ್. ಇಲ್ಲಿ ಭಾಗವಾಗುವುದು ಸದಸ್ಯರೇ. ಬ್ರಿಟನ್ನಿನಲ್ಲಿ ಇದು ಅಕ್ಷರಶಃ ನಡೆಯುತ್ತದೆ. ಗಂಟೆ ಬಾರಿಸುತ್ತದೆ, 8 ನಿಮಿಷದ ಮೇಲೆ ಬಾಗಿಲಿಗೆ ಬೀಗ. ಪರ ಇರುವವರು ಒಂದು ಲಾಬಿಯಲ್ಲಿ, ಅಂದರೆ ಸದನದ ಪಕ್ಕದ ಹಜಾರದಲ್ಲಿ, ವಿರೋಧ ಇರುವವರು ಇನ್ನೊಂದು ಲಾಬಿಯಲ್ಲಿ ನಡೆದುಹೋಗುತ್ತಾರೆ, ತಲೆ ಎಣಿಸುತ್ತಾರೆ. 1836ಕ್ಕೆ ಮೊದಲು ಲಾಬಿ ಒಂದೇ ಇತ್ತು. ಒಂದು ಕಡೆಯವರು ಹೊರಗೆ ಹೋಗುತ್ತಿದ್ದರು, ಇನ್ನೊಂದು ಕಡೆಯವರು ಒಳಗೇ ಕೂರುತ್ತಿದ್ದರು.

ನಮ್ಮ ಲೋಕಸಭೆಯಲ್ಲಿ ಮೊದಲು ಧ್ವನಿಮತ. ಪರ ಇರುವವರು ಹೌದು ಅನ್ನಿ, ವಿರೋಧ ಇರುವವರು ಇಲ್ಲ ಅನ್ನಿ. ಯಾವ ಸದ್ದು ಜೋರು ಅಂತ ಸ್ಪೀಕರ್ ಹೇಳುತ್ತಾರೆ. ಅದನ್ನು ಯಾರಾದರೂ ಒಪ್ಪದೆ ಡಿವಿಷನ್ ಕೇಳಿದರೆ ಲಾಬಿ ಖಾಲಿ ಮಾಡಿಸಿ ಮೂರೂವರೆ ನಿಮಿಷ ಗಂಟೆ ಬಾರಿಸುತ್ತಾರೆ. ಬಾಗಿಲು ಮುಚ್ಚುತ್ತಾರೆ. ಆಮೇಲೆ ತಮ್ಮ ಸೀಟಿನಲ್ಲಿ ಕೂತು ಗುಂಡಿ ಒತ್ತಬೇಕು. ಯಂತ್ರ ಇಲ್ಲದಿದ್ದರೆ ಚೀಟಿ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ ಹೊಸ ಸಂಸತ್ ಭವನದಲ್ಲಿ 454-2 ಮತಗಳಿಂದ ಪಾಸಾಗಿದ್ದು ಚೀಟಿಯಲ್ಲೇ. ಸಂವಿಧಾನ ತಿದ್ದುಪಡಿಗೆ ಡಿವಿಷನ್ ತಪ್ಪಿಸುವಂತೆಯೇ ಇಲ್ಲ, ಮೂರನೇ ಎರಡರಷ್ಟು ಬಹುಮತವನ್ನು ಕಿವಿಯಿಂದ ಅಳೆಯಲು ಆಗುವುದಿಲ್ಲವಲ್ಲ.

ಇದಕ್ಕೆ ಕನ್ನಡ ಪತ್ರಿಕೆಗಳು ಮತ ವಿಭಜನೆ ಅಂತ ಬರೆಯುತ್ತವೆ. ಚುನಾವಣೆ ಬಂದಾಗ ಅದೇ ಪತ್ರಿಕೆಗಳಲ್ಲಿ ಮತ ವಿಭಜನೆ ಅಂದರೆ ಬೇರೆ: ಒಂದೇ ಕಡೆ ಬೀಳಬೇಕಾದ ಮತ ಇಬ್ಬರು ಅಭ್ಯರ್ಥಿಗಳಿಗೆ ಹರಿದು ಮೂರನೆಯವರು ಗೆಲ್ಲುವುದು. ಸದನದ ಮತ ವಿಭಜನೆಯಲ್ಲಿ ಯಾರ ಮತವೂ ಹರಿದುಹೋಗುವುದಿಲ್ಲ, ಎಣಿಕೆಯಾಗುತ್ತದೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269-270ರಲ್ಲಿ ಬಿದ್ದಿದ್ದು ಹೀಗೆ ಎಣಿಸಿದ್ದರಿಂದ. ಒಂದು ಮತದ ಅಂತರವನ್ನು ಯಾವ ಸ್ಪೀಕರ್‌ನ ಕಿವಿಯೂ ಹಿಡಿಯಲಾರದು. 2019ರ ಜುಲೈ 23ರಂದು ವಿಧಾನಸೌಧದಲ್ಲಿ ಕುಮಾರಸ್ವಾಮಿ ವಿಶ್ವಾಸಮತ ಕೇಳಿದಾಗ ಶಾಸಕರನ್ನು ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು: ಪರ 99, ವಿರುದ್ಧ 105. ಆ ಸಂಜೆ ಟಿವಿ ಮುಂದೆ ಕೂತವರಿಗೆ ನೆನಪಿರುತ್ತದೆ.

ಕೇಳಿದರೂ ಡಿವಿಷನ್ ಸಿಗದ ದಿನ ಏನಾಗುತ್ತದೆ ಅನ್ನುವುದಕ್ಕೆ 2020ರ ಸೆಪ್ಟೆಂಬರ್ 20 ಸಾಕ್ಷಿ. ಕೃಷಿ ಮಸೂದೆಗಳ ಮೇಲೆ ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಡಿವಿಷನ್ ಕೇಳಿದರು. ಉಪಸಭಾಪತಿ ಧ್ವನಿಮತದಲ್ಲೇ ಪಾಸ್ ಮಾಡಿದರು. ಸದಸ್ಯರು ತಮ್ಮ ಸೀಟಿನಿಂದ ಕೇಳಲಿಲ್ಲ ಅನ್ನುವುದು ಒಂದು ಕಡೆಯ ವಾದ. ಒಬ್ಬರು ಕೇಳಿದರೂ ಕೊಡಲೇಬೇಕಿತ್ತು ಅನ್ನುವುದು ಇನ್ನೊಂದು ಕಡೆಯ ವಾದ. ಮರುವರ್ಷ ಆ ಕಾಯ್ದೆಗಳೇ ರದ್ದಾದವು, ಜಗಳ ಮಾತ್ರ ದಾಖಲೆಯಲ್ಲಿ ಉಳಿಯಿತು.

ಧ್ವನಿಮತದಲ್ಲಿ ಯಾರು ಯಾವ ಕಡೆ ಕೂಗಿದರು ಅನ್ನುವುದು ಎಲ್ಲೂ ಬರೆದಿರುವುದಿಲ್ಲ. ಡಿವಿಷನ್ ಆದರೆ ಹೆಸರು ಹೆಸರಾಗಿ ಲೋಕಸಭೆಯ ನಡಾವಳಿಯಲ್ಲಿ ಅಚ್ಚಾಗುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಬಹಳಷ್ಟು ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲೇ. ನಮ್ಮ ಕ್ಷೇತ್ರದ ಸಂಸದರು ಯಾವುದೋ ಕಾಯ್ದೆಯ ಪರ ಇದ್ದರಾ, ವಿರುದ್ಧ ಇದ್ದರಾ ಅಂತ ಹುಡುಕಿ ಹೋದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಯಾಕೆಂದರೆ ಅವತ್ತು ಸದನದಲ್ಲಿ ಯಾರೂ ಡಿವಿಷನ್ ಕೇಳಿರುವುದಿಲ್ಲ.